ಎಂಟು ಅಕ್ಷರದ ವಿಳಾಸ

2021ರ ಜುಲೈ 1ರಂದು ಒಂದು ವಿಳಾಸ ರದ್ದಾಯಿತು. ಅದಕ್ಕೆ ಬೀದಿಯಿರಲಿಲ್ಲ, ಬಾಗಿಲ ಸಂಖ್ಯೆಯಿರಲಿಲ್ಲ, ಪಿನ್‌ಕೋಡೂ ಇರಲಿಲ್ಲ. ಎಸ್‌-ವೈ-ಎನ್‌-ಬಿ, ಐ-ಎನ್‌, ಬಿ-ಬಿ ಎಂಬ ಎಂಟು ಇಂಗ್ಲಿಷ್‌ ಅಕ್ಷರಗಳು, ಅಷ್ಟೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮಣಿಪಾಲದಿಂದ ದೇಶದಾದ್ಯಂತ ಹರಡಿದ ಸಿಂಡಿಕೇಟ್‌ ಬ್ಯಾಂಕನ್ನು ಪರದೇಶದ ಬ್ಯಾಂಕುಗಳು ಗುರುತಿಸುತ್ತಿದ್ದುದು ಈ ಅಕ್ಷರಗಳಿಂದಲೇ. 2020ರ ಏಪ್ರಿಲ್‌ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋದ ಮೇಲೂ ಹಳೆಯ ಸಂಕೇತ ಒಂದು ವರ್ಷ ಮೂರು ತಿಂಗಳು ಜೀವ ಹಿಡಿದುಕೊಂಡಿತ್ತು. ಅನಂತರ, ವಿದೇಶಿ ವ್ಯವಹಾರಗಳಿಗೆ ಇನ್ನು ಮುಂದೆ ಸಿ-ಎನ್‌-ಆರ್‌-ಬಿ ಎಂದು ಆರಂಭವಾಗುವ ಕೆನರಾ ಬ್ಯಾಂಕಿನ ಸಂಕೇತವನ್ನೇ ಕೊಡಬೇಕು ಎಂದು ಗ್ರಾಹಕರಿಗೆ ಸೂಚನೆ ಹೊರಟಿತು.

ಊರಲ್ಲೇ ದುಡಿದು ಊರಲ್ಲೇ ಖರ್ಚು ಮಾಡುವವರಿಗೆ ಇಂತಹ ಸೂಚನೆ ಕಣ್ಣಿಗೂ ಬೀಳುವುದಿಲ್ಲ. ಆದರೆ ಮಗ ಕುವೈತಿನಲ್ಲೋ ದುಬೈಯಲ್ಲೋ ಇರುವ ಮನೆಗೆ ಅದು ಸಣ್ಣ ಸುದ್ದಿಯಲ್ಲ. ಫೋನು ಮಾಡಿ ಹೊಸ ಸಂಕೇತ ಹೇಳಬೇಕು, ಮಗ ಅದನ್ನು ಅಲ್ಲಿನ ಬ್ಯಾಂಕಿನಲ್ಲಿ ಬದಲಿಸಬೇಕು. ಒಂದು ಅಕ್ಷರ ಆಚೀಚೆಯಾದರೆ ತಿಂಗಳ ಹಣ ಎಲ್ಲೋ ನಡುದಾರಿಯಲ್ಲಿ ನಿಂತುಬಿಡುತ್ತದೆ.

ಬ್ಯಾಂಕಿನ ಅರ್ಜಿಯಲ್ಲಿ ‘ಸ್ವಿಫ್ಟ್‌ ಕೋಡ್‌’ ಅಥವಾ ‘ಬಿಐಸಿ’ ಎಂದು ಕೇಳುವ ಚೌಕವೇ ಈ ವಿಳಾಸದ ಜಾಗ. ಬಿಐಸಿ ಎಂದರೆ ಬ್ಯಾಂಕಿನ ಗುರುತು ಸಂಕೇತ. ಆ ಚೌಕವನ್ನು ತುಂಬುವ ಬಹಳ ಮಂದಿಗೆ ಒಂದು ಭಾವನೆ ಇದೆ: ಹಣವನ್ನು ಆ ದೇಶದಿಂದ ಈ ದೇಶಕ್ಕೆ ಒಯ್ಯುವ ವಾಹನವೊಂದಿದೆ, ಅದರ ಹೆಸರು ಸ್ವಿಫ್ಟ್‌. ವಾಸ್ತವದಲ್ಲಿ ಸ್ವಿಫ್ಟ್‌ ಒಂದು ಬಿಡಿಗಾಸನ್ನೂ ಒಯ್ಯುವುದಿಲ್ಲ. ಅದು ಒಯ್ಯುವುದು ಮಾತನ್ನು. ‘ನಮ್ಮ ಲೆಕ್ಕದಿಂದ ಇಷ್ಟು ತೆಗೆದು ಇಂಥವರಿಗೆ ಕೊಡಿ’ ಎಂದು ಒಂದು ಬ್ಯಾಂಕು ಇನ್ನೊಂದಕ್ಕೆ ಹೇಳುವ ಮಾತು. ಆ ಮಾತನ್ನು ಯಾರು ಹೇಳಿದರು, ಯಾರಿಗೆ ಹೇಳಿದರು ಎಂಬುದನ್ನು ನಿಸ್ಸಂದೇಹವಾಗಿ ಗುರುತಿಸುವುದಷ್ಟೇ ಸಂಕೇತದ ಕೆಲಸ. ಇಷ್ಟು ಸರಳವಾದ ಕೆಲಸಕ್ಕೆ ಒಂದು ವ್ಯವಸ್ಥೆ ಸಿದ್ಧವಾಗಲು ತಂತಿ ಬಂದ ಮೇಲೂ ನೂರು ವರ್ಷ ಹಿಡಿಯಿತು.

ತಂತಿಯ ಕಾಲ

ದೂರದ ಊರಿಗೆ ಹಣದ ಬದಲು ಕಾಗದ ಕಳಿಸುವುದು ನಮ್ಮ ವರ್ತಕರಿಗೆ ಹೊಸದೇನೂ ಆಗಿರಲಿಲ್ಲ. ಹುಂಡಿ ಎಂದರೆ ಅದೇ. ಹುಂಡಿ ಬರೆದವನ ಕೈಬರಹ, ಅವನ ಮನೆತನದ ಹೆಸರು, ತಂದವನ ಪರಿಚಯ ಇವೇ ಅದಕ್ಕೆ ಆಧಾರ. ಆದರೆ ಕಾಗದ ಕುದುರೆಯ ವೇಗದಲ್ಲಿ, ಹಡಗಿನ ವೇಗದಲ್ಲಿ ಹೋಗುತ್ತಿತ್ತು.

1870ರಲ್ಲಿ ಬೊಂಬಾಯಿಯಿಂದ ಏಡನ್‌, ಸೂಯೆಜ್‌ ಮಾರ್ಗವಾಗಿ ಇಂಗ್ಲೆಂಡಿಗೆ ಸಮುದ್ರದಡಿಯ ತಂತಿ ಹಾದುಹೋಯಿತು. ಮರುವರ್ಷವೇ ಅಮೆರಿಕದ ವೆಸ್ಟರ್ನ್‌ ಯೂನಿಯನ್‌ ತಂತಿಯ ಮೂಲಕ ಹಣ ಪಾವತಿಸುವ ಸೇವೆ ಆರಂಭಿಸಿತು. ‘ಟೆಲಿಗ್ರಾಫಿಕ್‌ ಟ್ರಾನ್ಸ್‌ಫರ್‌’ ಎಂಬ ಹೆಸರು ಆ ಕಾಲದ್ದು. ಭಾರತದಲ್ಲಿ ತಂತಿ ಸೇವೆಯೇ 2013ರ ಜುಲೈಯಲ್ಲಿ ನಿಂತುಹೋದರೂ ಬ್ಯಾಂಕುಗಳ ವಿದೇಶಿ ವಿನಿಮಯ ವಿಭಾಗದಲ್ಲಿ ‘ಟಿ.ಟಿ. ದರ’ ಎಂಬ ಮಾತು ಮಾತ್ರ ಉಳಿದುಕೊಂಡಿದೆ.

ತಂತಿಗೆ ಎರಡು ತೊಂದರೆಗಳಿದ್ದವು. ಒಂದು, ಪದಕ್ಕಿಷ್ಟು ಎಂದು ದರ. ಹಾಗಾಗಿ ದೊಡ್ಡ ವ್ಯಾಪಾರದ ಮನೆಗಳು ಸಂಕೇತ ಪುಸ್ತಕಗಳನ್ನು ಇಟ್ಟುಕೊಂಡವು. 1873ರಲ್ಲಿ ಬಂದ ‘ಎಬಿಸಿ’, 1906ರಲ್ಲಿ ಬಂದ ‘ಬೆಂಟ್ಲಿ’ ಇಂಥ ಪುಸ್ತಕಗಳಲ್ಲಿ ಹೆಸರಾದವು. ಒಂದಿಡೀ ವಾಕ್ಯಕ್ಕೆ ಒಂದೇ ಪದ. ಅಂಚೆ ವಿಳಾಸವನ್ನು ಪೂರ್ತಿ ಬರೆದರೂ ಪದಗಳ ಖರ್ಚು. ಅದಕ್ಕೆ ಪ್ರತಿ ಸಂಸ್ಥೆಯೂ ಒಂದು ಪದದ ತಂತಿ ವಿಳಾಸವನ್ನು ನೋಂದಾಯಿಸಿಕೊಳ್ಳುತ್ತಿತ್ತು. ಹಳೆಯ ಅಂಗಡಿಗಳ ಲೆಟರ್‌ಹೆಡ್ಡಿನ ಮೂಲೆಯಲ್ಲಿ ‘ಗ್ರಾಮ್ಸ್‌’ ಎಂದು ಬರೆದು ಮುಂದೆ ಒಂದು ವಿಚಿತ್ರ ಪದ ಅಚ್ಚು ಹಾಕಿರುತ್ತಿದ್ದುದನ್ನು ಹಿರಿಯರು ನೋಡಿರುತ್ತಾರೆ. ಈಗಿನ ಬಿಐಸಿಯ ಅಜ್ಜ ಅದೇ ಎಂದರೆ ತಪ್ಪಲ್ಲ.

ಎರಡನೆಯ ತೊಂದರೆ ಹೆಚ್ಚು ಗಂಭೀರವಾದದ್ದು. ತಂತಿಗೆ ಕೈಬರಹವಿಲ್ಲ, ಸಹಿಯಿಲ್ಲ. ಹಣ ಕೊಡಿ ಎಂದು ಬಂದ ಸಂದೇಶವನ್ನು ನಿಜವಾಗಿ ಆ ಬ್ಯಾಂಕೇ ಕಳಿಸಿತೆ ಎಂದು ತಿಳಿಯುವುದು ಹೇಗೆ? ಇದಕ್ಕೆ ಬ್ಯಾಂಕುಗಳು ಕಂಡುಕೊಂಡ ಉಪಾಯವೇ ‘ಟೆಸ್ಟ್‌ ಕೀ’, ಅಂದರೆ ಪರೀಕ್ಷಾ ಅಂಕಿ. ಪರಸ್ಪರ ವ್ಯವಹಾರವಿರುವ ಎರಡು ಬ್ಯಾಂಕುಗಳು ಗುಟ್ಟಿನ ಕೋಷ್ಟಕಗಳನ್ನು ವಿನಿಮಯ ಮಾಡಿಕೊಂಡಿರುತ್ತಿದ್ದವು. ತಾರೀಖಿಗೊಂದು ಅಂಕಿ, ತಿಂಗಳಿಗೊಂದು, ನಾಣ್ಯಕ್ಕೊಂದು, ಮೊತ್ತಕ್ಕೊಂದು. ಎಲ್ಲವನ್ನೂ ಕೂಡಿಸಿ ಬಂದ ಸಂಖ್ಯೆಯನ್ನು ಸಂದೇಶದ ತಲೆಯಲ್ಲಿ ಬರೆಯಬೇಕು. ಅದನ್ನು ಪಡೆದ ಬ್ಯಾಂಕಿನ ಗುಮಾಸ್ತ ತನ್ನ ಕಪಾಟಿನಿಂದ ಕೋಷ್ಟಕ ತೆಗೆದು ಮತ್ತೆ ಕೂಡಿಸಬೇಕು. ತಾಳೆಯಾದರೆ ಹಣ. ಆಗದಿದ್ದರೆ ಮತ್ತೊಂದು ತಂತಿ.

ಎರಡನೆಯ ಮಹಾಯುದ್ಧದ ಅನಂತರ ತಂತಿಯ ಜಾಗಕ್ಕೆ ಟೆಲೆಕ್ಸ್‌ ಬಂತು. ಬ್ಯಾಂಕಿನವರು ತಮ್ಮ ಕಚೇರಿಯಿಂದಲೇ ಬೆರಳಚ್ಚು ಒತ್ತಿದರೆ ಸಾವಿರಾರು ಮೈಲಿ ದೂರದ ಯಂತ್ರ ಅದನ್ನು ಅಚ್ಚು ಹಾಕುತ್ತಿತ್ತು. ವೇಗವೇನೋ ಬಂತು, ಶಿಸ್ತು ಬರಲಿಲ್ಲ. ಟೆಲೆಕ್ಸ್‌ ಸಂದೇಶಕ್ಕೆ ಇಂಥದೇ ರೂಪ ಎಂದಿರಲಿಲ್ಲ. ಒಬ್ಬ ಮೊತ್ತವನ್ನು ಮೊದಲು ಬರೆದರೆ ಇನ್ನೊಬ್ಬ ಕೊನೆಗೆ ಬರೆಯುತ್ತಿದ್ದ. ತಾರೀಖನ್ನು ಯುರೋಪಿನವರು ದಿನದಿಂದ, ಅಮೆರಿಕದವರು ತಿಂಗಳಿನಿಂದ ಆರಂಭಿಸುತ್ತಿದ್ದರು. ಬ್ಯಾಂಕಿನ ಹೆಸರನ್ನು ಬೇರೆ ಬೇರೆ ಭಾಷೆಗಳಲ್ಲಿ, ಬೇರೆ ಬೇರೆ ರೀತಿಯಲ್ಲಿ ಮೊಟಕು ಮಾಡುತ್ತಿದ್ದರು. ಬಂದ ಸಂದೇಶವನ್ನು ಮನುಷ್ಯನೊಬ್ಬ ಓದಿ, ಅರ್ಥ ಮಾಡಿಕೊಂಡು, ಮತ್ತೆ ತನ್ನ ಬ್ಯಾಂಕಿನ ಲೆಕ್ಕಕ್ಕೆ ಇಳಿಸಬೇಕಿತ್ತು. ಒಂದೇ ಪಾವತಿಗೆ ಹತ್ತಾರು ಸಂದೇಶಗಳು ಓಡಾಡುವುದೂ ಇತ್ತು.

1960ರ ದಶಕದಲ್ಲಿ ಪಶ್ಚಿಮದ ಬ್ಯಾಂಕುಗಳಿಗೆ ಕಂಪ್ಯೂಟರುಗಳು ಬಂದವು. ಮನೆಯೊಳಗೆ ಕಂಪ್ಯೂಟರು, ಬಾಗಿಲಲ್ಲಿ ಟೆಲೆಕ್ಸ್‌. ಹೊರಗಿನಿಂದ ಬಂದ ಪ್ರತಿ ಮಾತೂ ಬಾಗಿಲಲ್ಲೇ ನಿಂತು ಗುಮಾಸ್ತನ ಕೈಗಾಗಿ ಕಾಯುತ್ತಿತ್ತು.

ಒಬ್ಬರ ಸಂಕೇತ, ಎಲ್ಲರ ಸಂಕೇತ

ಈ ಗೊಂದಲಕ್ಕೆ ಪರಿಹಾರ ಹುಡುಕಲು ಮೊದಲು ಗಟ್ಟಿಯಾಗಿ ಹೊರಟದ್ದು ನ್ಯೂಯಾರ್ಕಿನ ಫಸ್ಟ್‌ ನ್ಯಾಷನಲ್‌ ಸಿಟಿ ಬ್ಯಾಂಕ್‌. ಇಂದಿನ ಸಿಟಿಬ್ಯಾಂಕ್‌ ಅದೇ. ಯಂತ್ರವೇ ನೇರವಾಗಿ ಓದಬಲ್ಲ ಸಂದೇಶದ ರೂಪವೊಂದನ್ನು ಅದು ಸಿದ್ಧಪಡಿಸಿ ‘ಮಾರ್ಟಿ’ ಎಂದು ಹೆಸರಿಟ್ಟಿತು. ತನ್ನೊಂದಿಗೆ ವ್ಯವಹರಿಸುವ ಬ್ಯಾಂಕುಗಳು ಇದೇ ರೂಪದಲ್ಲಿ ಬರೆಯಬೇಕು ಎಂದು ಒತ್ತಾಯವನ್ನೂ ಆರಂಭಿಸಿತು.

ಯುರೋಪಿನ ಬ್ಯಾಂಕುಗಳಿಗೆ ಇದು ಹಿಡಿಸಲಿಲ್ಲ. ಕಾರಣ ತಾಂತ್ರಿಕವಲ್ಲ. ಜಗತ್ತಿನ ಬ್ಯಾಂಕುಗಳೆಲ್ಲ ಒಂದು ಅಮೆರಿಕನ್‌ ಬ್ಯಾಂಕಿನ ಭಾಷೆಯಲ್ಲಿ ಮಾತಾಡಲು ಆರಂಭಿಸಿದರೆ ನಾಳೆ ಆ ಭಾಷೆಯ ವ್ಯಾಕರಣವನ್ನು ತಿದ್ದುವ ಅಧಿಕಾರವೂ ಅದರದೇ. ಇಂದು ಒಂದು ಬ್ಯಾಂಕು, ನಾಳೆ ಇನ್ನೊಂದು ಬ್ಯಾಂಕು ತನ್ನದೇ ರೂಪ ತಂದರೆ ಒಬ್ಬೊಬ್ಬರಿಗೂ ಒಂದೊಂದು ಭಾಷೆ ಕಲಿಯಬೇಕಾದೀತು ಎಂಬ ಭಯವೂ ಇತ್ತು. ಸಾಮಾನ್ಯವಾಗಿ ಒಬ್ಬರ ಗ್ರಾಹಕರನ್ನು ಇನ್ನೊಬ್ಬರು ಸೆಳೆಯುವ ಹವಣಿಕೆಯಲ್ಲೇ ಇರುವ ಬ್ಯಾಂಕುಗಳು ಒಟ್ಟಿಗೆ ಕೂರಲು ಈ ಭಯ ಸಾಕಾಯಿತು.

1973ರ ಮೇ 3ರಂದು ಬೆಲ್ಜಿಯಂನ ರಾಜಧಾನಿ ಬ್ರಸೆಲ್ಸ್‌ನಲ್ಲಿ ಹೊಸ ಸಂಸ್ಥೆ ಸ್ಥಾಪನೆಗೊಂಡಿತು. ‘ವಿಶ್ವವ್ಯಾಪಿ ಅಂತರ ಬ್ಯಾಂಕ್‌ ಹಣಕಾಸು ದೂರಸಂಪರ್ಕ ಸೊಸೈಟಿ’ ಎಂಬುದು ಅದರ ಉದ್ದನೆಯ ಹೆಸರಿನ ತಾತ್ಪರ್ಯ. ಇಂಗ್ಲಿಷಿನಲ್ಲಿ ಮೊದಲ ಅಕ್ಷರಗಳನ್ನು ಜೋಡಿಸಿದರೆ ‘ಸ್ವಿಫ್ಟ್‌’. 15 ದೇಶಗಳ 239 ಬ್ಯಾಂಕುಗಳು ಅದರ ಮೊದಲ ಸದಸ್ಯರು. ಕಾರ್ಲ್‌ ರಾಯ್ಟರ್‌ಶೋಲ್ಡ್‌ ಅದರ ಮೊದಲ ಮುಖ್ಯಸ್ಥ. ಲಂಡನ್‌ ಮತ್ತು ನ್ಯೂಯಾರ್ಕ್‌ ಎರಡನ್ನೂ ಬಿಟ್ಟು ಬ್ರಸೆಲ್ಸ್‌ ಆಯ್ಕೆಯಾದದ್ದು ಗಮನಾರ್ಹ. ಯಾರ ಅಂಗಳವೂ ಅಲ್ಲದ ಜಾಗ ಬೇಕಿತ್ತು.

ಸಂಸ್ಥೆಯ ಸ್ವರೂಪವೂ ವಿಶಿಷ್ಟವೇ. ಇದು ಯಾವ ಸರ್ಕಾರದ್ದೂ ಅಲ್ಲ, ಒಬ್ಬ ಮಾಲೀಕನದ್ದೂ ಅಲ್ಲ. ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಂಘದಂತೆ ಬಳಸುವವರೇ ಒಡೆಯರಾಗಿರುವ ಸಹಕಾರ ಸಂಘ. ಸದಸ್ಯರು ಹಾಲು ಹಾಕುವವರಲ್ಲ, ಬ್ಯಾಂಕುಗಳು ಎಂಬುದಷ್ಟೇ ವ್ಯತ್ಯಾಸ.

1977ರ ಮೇ ತಿಂಗಳಲ್ಲಿ ಬೆಲ್ಜಿಯಂನ ರಾಜಕುಮಾರ ಆಲ್ಬರ್ಟ್‌ ಮೊದಲ ಸಂದೇಶ ಕಳಿಸಿ ಜಾಲಕ್ಕೆ ಚಾಲನೆ ಕೊಟ್ಟ. ಅಷ್ಟು ಹೊತ್ತಿಗೆ ಸದಸ್ಯ ಬ್ಯಾಂಕುಗಳು 22 ದೇಶಗಳ 518ಕ್ಕೆ ಏರಿದ್ದವು. ಸಂದೇಶದ ಪ್ರತಿ ಸಾಲಿಗೂ ಸಂಖ್ಯೆ ನಿಗದಿಯಾಯಿತು. ಪಾವತಿಯ ತಾರೀಖು, ನಾಣ್ಯ, ಮೊತ್ತ 32ನೆಯ ಸಾಲಿನಲ್ಲಿ. ಕಳಿಸುವವನ ಹೆಸರು 50ರಲ್ಲಿ. ಪಡೆಯುವವನದು 59ರಲ್ಲಿ. ತಾರೀಖಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಯುರೋಪು, ಅಮೆರಿಕ ಇಬ್ಬರ ರೂಢಿಯೂ ಅಲ್ಲದ ಮೂರನೆಯ ಕ್ರಮ! ದಶಾಂಶಕ್ಕೆ ಮಾತ್ರ ಚುಕ್ಕಿಯ ಬದಲು ಅಲ್ಪವಿರಾಮ, ಯುರೋಪಿನ ಪದ್ಧತಿಯಂತೆ. ಅಲ್ಲಿ ಯುರೋಪು ಗೆದ್ದಿತು.

ಅಕ್ಷರಗಳೊಳಗಿನ ಇತಿಹಾಸ

ಈ ಸಂದೇಶಗಳಿಗೆ ವಿಳಾಸ ಬೇಕಾಯಿತು. ಮೊದಲಿಗೆ ಜಾಲದೊಳಗಿನ ಬಳಕೆಗಾಗಿ ಇದ್ದ ಈ ವಿಳಾಸ ಪದ್ಧತಿ 1987ರಲ್ಲಿ ಐಎಸ್‌ಒ 9362 ಎಂಬ ಹೆಸರಿನಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಸಂಕೇತಗಳನ್ನು ನೋಂದಾಯಿಸುವ ಅಧಿಕಾರ ಸ್ವಿಫ್ಟ್‌ ಸಂಸ್ಥೆಗೇ ಸೇರಿದೆ.

ಸಂಕೇತದ ರಚನೆ ಸರಳ. ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು. ಮುಂದಿನ ಎರಡು ದೇಶದ್ದು. ಅನಂತರದ ಎರಡು ಸ್ಥಳದ್ದು, ಇಲ್ಲಿ ಅಂಕಿಗಳೂ ಬರಬಹುದು. ಇಲ್ಲಿಗೆ ಎಂಟಾಯಿತು. ಬೇಕಿದ್ದರೆ ಶಾಖೆಗೆ ಇನ್ನು ಮೂರು ಸೇರಿಸಿ ಹನ್ನೊಂದು ಮಾಡಬಹುದು. ಶಾಖೆ ಹೇಳುವುದಿಲ್ಲ, ಮುಖ್ಯ ಕಚೇರಿಗೇ ಹೋಗಲಿ ಎಂದರೆ ಕೊನೆಯಲ್ಲಿ ಮೂರು ಎಕ್ಸ್‌. ಜರ್ಮನಿಯ ಡಾಯ್ಷ್‌ ಬ್ಯಾಂಕಿನದು ಡಿ-ಇ-ಯು-ಟಿ, ಡಿ-ಇ, ಎಫ್‌-ಎಫ್‌. ಬ್ಯಾಂಕಿನ ಹೆಸರು, ಜರ್ಮನಿ, ಫ್ರಾಂಕ್‌ಫರ್ಟ್‌. ಸ್ವಿಟ್ಜರ್ಲೆಂಡಿಗೆ ಸಿ-ಎಚ್‌ ಎಂಬ ಗುರುತು ಬಂದದ್ದು ಆ ದೇಶದ ಲ್ಯಾಟಿನ್‌ ಹೆಸರಿನಿಂದ. ನಾಲ್ಕು ಭಾಷೆಗಳ ದೇಶದಲ್ಲಿ ಜಗಳ ಬೇಡವೆಂದು ಯಾರದೂ ಅಲ್ಲದ ಐದನೆಯ ಭಾಷೆ!

ಬ್ಯಾಂಕುಗಳ ಹೆಸರು ಬದಲಾಗುತ್ತದೆ, ಬೋರ್ಡು ಬದಲಾಗುತ್ತದೆ, ಮಾಲೀಕರೇ ಬದಲಾಗುತ್ತಾರೆ. ಸಂಕೇತಗಳಿಗೆ ಅಷ್ಟು ಅವಸರವಿಲ್ಲ. ಹಾಗಾಗಿ ಅವುಗಳಲ್ಲಿ ಹಳೆಯ ಕಾಲ ಶಾಸನದಂತೆ ಕುಳಿತಿದೆ. ಲಂಡನ್ನಿನ ಎಚ್‌ಎಸ್‌ಬಿಸಿ ಬ್ಯಾಂಕಿನ ಸಂಕೇತ ಆರಂಭವಾಗುವುದು ಎಂ-ಐ-ಡಿ-ಎಲ್‌ ಎಂದು. 1836ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭವಾದ ಮಿಡ್‌ಲ್ಯಾಂಡ್‌ ಬ್ಯಾಂಕಿನ ಗುರುತು ಅದು. 1992ರಲ್ಲಿ ಎಚ್‌ಎಸ್‌ಬಿಸಿ ಅದನ್ನು ಕೊಂಡಿತು, 1999ರಲ್ಲಿ ಮಿಡ್‌ಲ್ಯಾಂಡ್‌ ಎಂಬ ಹೆಸರನ್ನು ಇಳಿಸಿತು. ಸಂಕೇತ ಹಾಗೇ ಉಳಿಯಿತು. ಜಪಾನಿನ ಎಂಯುಎಫ್‌ಜಿ ಬ್ಯಾಂಕು ಇಂದಿಗೂ ಬಿ-ಒ-ಟಿ-ಕೆ. ಬ್ಯಾಂಕ್‌ ಆಫ್‌ ಟೋಕಿಯೊ ಎಂಬ ಸ್ವತಂತ್ರ ಬ್ಯಾಂಕು 1996ರಲ್ಲೇ ವಿಲೀನದಲ್ಲಿ ಕರಗಿತ್ತು.

ಭಾರತದ ಬ್ಯಾಂಕುಗಳು ಈ ಜಾಲಕ್ಕೆ ಸೇರಿದ್ದು 1991ರಲ್ಲಿ. ವಿದೇಶಿ ವಿನಿಮಯ ಬರಿದಾಗಿ, ದೇಶದ ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಸಾಗಿಸಿ ಅಡವಿಟ್ಟ ವರ್ಷವೂ ಅದೇ. ಆಗ ವಿದೇಶಿ ವಿನಿಮಯದ ರಾಜಧಾನಿ ಬೊಂಬಾಯಿ. ಹಾಗಾಗಿ ಸ್ಟೇಟ್‌ ಬ್ಯಾಂಕಿನ ಎಸ್‌-ಬಿ-ಐ-ಎನ್‌ ಮುಂದೆ ಭಾರತದ ಐ-ಎನ್‌, ಅದರ ಮುಂದೆ ಬಿ-ಬಿ. 1995ರಲ್ಲಿ ಊರು ಅಧಿಕೃತವಾಗಿ ಮುಂಬೈ ಆದರೂ ಸಂಕೇತದಲ್ಲಿ ‘ಬಿ’ ಹೋಗಿ ‘ಎಂ’ ಬರಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಮಂಗಳೂರಿನ ಕರ್ಣಾಟಕ ಬ್ಯಾಂಕು, ಬೆಂಗಳೂರಿನ ಕೆನರಾ ಬ್ಯಾಂಕು ಕೂಡ ಇದೇ ಬಿ-ಬಿ ಹೊತ್ತಿವೆ. ಕಾರ್ಪೊರೇಷನ್‌ ಬ್ಯಾಂಕು, ವಿಜಯ ಬ್ಯಾಂಕುಗಳ ಸಂಕೇತದಲ್ಲೂ ಅದೇ ಇತ್ತು. ಕರಾವಳಿಯ ಬ್ಯಾಂಕುಗಳು ಜಗತ್ತಿನ ಮುಂದೆ ನಿಂತದ್ದು ಬೊಂಬಾಯಿಯ ಬಾಗಿಲಲ್ಲಿ. 2017ರಲ್ಲಿ ಸ್ಟೇಟ್‌ ಬ್ಯಾಂಕ್‌ ಆಫ್‌ ಮೈಸೂರಿನ ಎಸ್‌-ಬಿ-ಎಂ-ವೈ, 2019ರಲ್ಲಿ ವಿಜಯ ಬ್ಯಾಂಕು, 2020ರಲ್ಲಿ ಕಾರ್ಪೊರೇಷನ್‌ ಮತ್ತು ಸಿಂಡಿಕೇಟ್‌. ಹೀಗೆ ನಾಲ್ಕು ವರ್ಷಗಳೊಳಗೆ ಕನ್ನಡ ನಾಡಿನ ನಾಲ್ಕು ಬ್ಯಾಂಕುಗಳು ವಿಲೀನವಾದವು. ಮಿಡ್‌ಲ್ಯಾಂಡಿಗೆ, ಟೋಕಿಯೊಗೆ ಸಿಕ್ಕಿದ ಅಮರತ್ವ ಸಿಂಡಿಕೇಟಿನ ಅಕ್ಷರಗಳಿಗೆ ಸಿಗಲಿಲ್ಲ.

ಅರ್ಜಿ ತುಂಬುವಾಗ ಆಗುವ ಒಂದು ಸಾಮಾನ್ಯ ತಪ್ಪನ್ನು ಇಲ್ಲಿ ಹೇಳಬೇಕು. ದೇಶದೊಳಗಿನ ರವಾನೆಗೆ ಬಳಸುವ ಐಎಫ್‌ಎಸ್‌ಸಿ ಸಂಕೇತವೂ ಹನ್ನೊಂದು ಸ್ಥಾನದ್ದೇ. ಕೆನರಾ ಬ್ಯಾಂಕಿಗೆ ಎರಡರಲ್ಲೂ ಮೊದಲ ನಾಲ್ಕು ಅಕ್ಷರ ಒಂದೇ. ಆದರೆ ಐಎಫ್‌ಎಸ್‌ಸಿಯ ಐದನೆಯ ಸ್ಥಾನದಲ್ಲಿ ಸೊನ್ನೆ ಇರುತ್ತದೆ, ಬಿಐಸಿಯಲ್ಲಿ ಆ ಜಾಗದಲ್ಲಿ ದೇಶದ ಅಕ್ಷರ. ವಿದೇಶದಲ್ಲಿರುವವರು ಕೆಲವೊಮ್ಮೆ ‘ಐಬ್ಯಾನ್‌ ಕೊಡಿ’ ಎಂದು ಊರಿನವರನ್ನು ಪೀಡಿಸುವುದೂ ಉಂಟು. ಯುರೋಪು, ಕೊಲ್ಲಿ ದೇಶಗಳಲ್ಲಿ ಚಾಲ್ತಿಯಲ್ಲಿರುವ ಈ ಖಾತೆ ಸಂಖ್ಯೆಯ ಪದ್ಧತಿ ಭಾರತದಲ್ಲಿ ಇಲ್ಲ. ಐಬ್ಯಾನಿನಲ್ಲಿ ತಪ್ಪು ಹಿಡಿಯುವ ಎರಡು ಅಂಕಿಗಳಿವೆ. ಒಂದು ಅಂಕಿ ತಪ್ಪಿದರೂ ಲೆಕ್ಕ ತಾಳೆಯಾಗದೆ ಯಂತ್ರವೇ ತಿರಸ್ಕರಿಸುತ್ತದೆ. ಬಿಐಸಿಯಲ್ಲಿ ಅಂತಹ ಕಾವಲಿಲ್ಲ. ತಪ್ಪಾಗಿ ಬರೆದ ಸಂಕೇತ ಅಕಸ್ಮಾತ್ತಾಗಿ ಬೇರೊಂದು ಬ್ಯಾಂಕಿನದೇ ಆಗಿದ್ದರೆ ಸಂದೇಶ ನೆಟ್ಟಗೆ ಅಲ್ಲಿಗೇ ಹೋಗುತ್ತದೆ.

ಹಣ ಸಾಗುವ ಬಗೆ

ನ್ಯೂಜೆರ್ಸಿಯಲ್ಲಿರುವ ಮಗಳು ಧಾರವಾಡದ ತಾಯಿಗೆ ಸಾವಿರ ಡಾಲರ್‌ ಕಳಿಸುತ್ತಾಳೆ ಎಂದುಕೊಳ್ಳೋಣ. ಡಾಲರುಗಳು ಅಮೆರಿಕ ಬಿಟ್ಟು ಬರುವುದೇ ಇಲ್ಲ. ತಾಯಿಯ ಖಾತೆಯಿರುವ ಬ್ಯಾಂಕು ನ್ಯೂಯಾರ್ಕಿನ ಯಾವುದಾದರೊಂದು ಬ್ಯಾಂಕಿನಲ್ಲಿ ತನ್ನದೇ ಡಾಲರ್‌ ಖಾತೆ ಇಟ್ಟಿರುತ್ತದೆ. ಇದನ್ನು ಬ್ಯಾಂಕಿನವರು ‘ನಾಸ್ಟ್ರೊ’ ಖಾತೆ ಎನ್ನುತ್ತಾರೆ. ಇಟಲಿಯ ಭಾಷೆಯಲ್ಲಿ ‘ನಮ್ಮದು’ ಎಂದರ್ಥ. ಮಗಳ ಬ್ಯಾಂಕು ಅವಳ ಖಾತೆಯಿಂದ ಸಾವಿರ ಡಾಲರ್‌ ಕಳೆಯುತ್ತದೆ, ಅದು ಈ ನಾಸ್ಟ್ರೊ ಖಾತೆಗೆ ಜಮೆಯಾಗುತ್ತದೆ. ಜೊತೆಗೇ ಸ್ವಿಫ್ಟ್‌ ಸಂದೇಶ ಹೊರಡುತ್ತದೆ. ಅದನ್ನು ಕಂಡು ಇಲ್ಲಿನ ಬ್ಯಾಂಕು ಅಂದಿನ ಟಿ.ಟಿ. ದರದಲ್ಲಿ ಲೆಕ್ಕ ಹಾಕಿ ತಾಯಿಗೆ ರೂಪಾಯಿ ಕೊಡುತ್ತದೆ. ಎರಡು ಬ್ಯಾಂಕುಗಳಿಗೂ ನೇರ ಸಂಬಂಧವಿಲ್ಲದಿದ್ದರೆ ನಡುವೆ ಮತ್ತೊಂದು, ಮಗದೊಂದು ಬ್ಯಾಂಕು. ನಡುವಿನವರು ಶುಲ್ಕ ಮುರಿದುಕೊಳ್ಳಬಹುದು. ಸಾವಿರ ಕಳಿಸಿದರೂ ಒಂಬೈನೂರ ಎಪ್ಪತ್ತೈದೇ ಏಕೆ ಬಂತು ಎಂಬ ಜಗಳ ಇಲ್ಲಿಂದ ಆರಂಭ.

ಈ ಇಡೀ ಸರಪಳಿ ನಿಂತಿರುವುದು ಒಂದು ನಂಬಿಕೆಯ ಮೇಲೆ. ಸರಿಯಾದ ವಿಳಾಸದಿಂದ, ಸರಿಯಾದ ರೂಪದಲ್ಲಿ, ಸರಿಯಾದ ಗುಪ್ತ ಮುದ್ರೆಯೊಂದಿಗೆ ಬಂದ ಸಂದೇಶ ನಿಜವಾದದ್ದು ಎಂಬ ನಂಬಿಕೆ. ಟೆಸ್ಟ್‌ ಕೀ ಕೂಡಿಸುತ್ತಿದ್ದ ಗುಮಾಸ್ತನ ಜಾಗದಲ್ಲಿ ಈಗ ಯಂತ್ರವಿದೆ. ಯಂತ್ರ ತಾಳೆ ನೋಡುತ್ತದೆ, ಆದರೆ ಅನುಮಾನ ಪಡುವುದಿಲ್ಲ.

ಢಾಕಾದ ಮುದ್ರಣಯಂತ್ರ

2016ರ ಫೆಬ್ರುವರಿ 4, ಗುರುವಾರ ರಾತ್ರಿ. ನ್ಯೂಯಾರ್ಕಿನ ಫೆಡರಲ್‌ ರಿಸರ್ವ್‌ ಬ್ಯಾಂಕಿಗೆ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ ಒಂದರ ಹಿಂದೆ ಒಂದು 35 ಸ್ವಿಫ್ಟ್‌ ಸಂದೇಶಗಳು ಬಂದವು. ಅಲ್ಲಿ ಇಟ್ಟಿರುವ ತನ್ನ ಹಣದಿಂದ ಒಟ್ಟು ಸುಮಾರು 95 ಕೋಟಿ ಡಾಲರ್‌ ತೆಗೆದು ಬೇರೆ ಬೇರೆ ಖಾತೆಗಳಿಗೆ ಹಾಕಬೇಕು ಎಂಬ ಆದೇಶ. ವಿಳಾಸ ಬಾಂಗ್ಲಾದೇಶ ಬ್ಯಾಂಕಿನದೇ. ಗುಪ್ತ ಮುದ್ರೆಯೂ ಅದರದೇ. ಸಂದೇಶ ಕಳಿಸಿದವರು ಮಾತ್ರ ಬ್ಯಾಂಕಿನವರಲ್ಲ, ಅದರ ಕಂಪ್ಯೂಟರಿನೊಳಗೆ ಹೊಕ್ಕಿದ್ದ ಕಳ್ಳರು.

ಅವರು ಆರಿಸಿಕೊಂಡ ಸಮಯ ನೋಡಿ. ಬಾಂಗ್ಲಾದೇಶದಲ್ಲಿ ಶುಕ್ರವಾರ ವಾರದ ರಜೆ. ಢಾಕಾ ಎಚ್ಚೆತ್ತು ಕೇಳುವ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಶನಿವಾರ, ಭಾನುವಾರದ ರಜೆ. ಸೋಮವಾರ, 8ನೆಯ ತಾರೀಖು, ಚೀನೀ ಹೊಸ ವರ್ಷವೆಂದು ಮನಿಲಾದಲ್ಲಿ ರಜೆ.

ಢಾಕಾದ ಕಚೇರಿಯಲ್ಲಿ ಪ್ರತಿಯೊಂದು ಸ್ವಿಫ್ಟ್‌ ಸಂದೇಶವನ್ನೂ ತಾನಾಗಿ ಅಚ್ಚು ಹಾಕುವ ಒಂದು ಪ್ರಿಂಟರ್‌ ಇತ್ತು. ಕಳ್ಳರು ಅದನ್ನೂ ಕೆಡಿಸಿದ್ದರು. ಶುಕ್ರವಾರ ಬಂದ ಸಿಬ್ಬಂದಿ ಪ್ರಿಂಟರ್‌ ಕೆಟ್ಟಿದೆ ಎಂದುಕೊಂಡರೇ ವಿನಾ ಬ್ಯಾಂಕಿಗೆ ಕನ್ನ ಬಿದ್ದಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಅದು ಸರಿಹೋದ ಮೇಲೆ, ‘ಇದು ನಿಮ್ಮ ಆದೇಶವೇ?’ ಎಂದು ನ್ಯೂಯಾರ್ಕ್‌ ಕೇಳಿದ್ದ ಪ್ರಶ್ನೆಗಳು ಹೊರಬಂದವು. ಅಷ್ಟರಲ್ಲಿ ತಡವಾಗಿತ್ತು.

ಐದು ಆದೇಶಗಳು ಪಾಸಾದವು. ಎರಡು ಕೋಟಿ ಡಾಲರ್‌ ಶ್ರೀಲಂಕಾಕ್ಕೆ, ಎಂಟು ಕೋಟಿ ಹತ್ತು ಲಕ್ಷ ಮನಿಲಾದ ರಿಜಾಲ್‌ ಬ್ಯಾಂಕಿನ ಜುಪಿಟರ್‌ ಬೀದಿಯ ಶಾಖೆಗೆ. ಶ್ರೀಲಂಕಾದ ಹಣ ಉಳಿದದ್ದು ಕಾಗುಣಿತದಿಂದ. ‘ಫೌಂಡೇಷನ್‌’ ಎಂಬ ಇಂಗ್ಲಿಷ್‌ ಪದವನ್ನು ಕಳ್ಳರು ‘ಫಂಡೇಷನ್‌’ ಎಂದು ಬರೆದಿದ್ದರು. ನಡುವೆ ಇದ್ದ ಡಾಯ್ಷ್‌ ಬ್ಯಾಂಕಿನಲ್ಲಿ ಇದು ಕಣ್ಣಿಗೆ ಬಿದ್ದು ಪ್ರಶ್ನೆ ಎದ್ದಿತು. ಉಳಿದ ಆದೇಶಗಳು ತಡೆಹಿಡಿಯಲ್ಪಟ್ಟದ್ದರಲ್ಲಿ ‘ಜುಪಿಟರ್‌’ ಎಂಬ ಪದದ ಪಾತ್ರವೂ ಇತ್ತು. ಇರಾನಿನ ಮೇಲಿನ ನಿರ್ಬಂಧದ ಪಟ್ಟಿಯಲ್ಲಿ ಅದೇ ಹೆಸರಿನ ಹಡಗೊಂದಿತ್ತು! ಬೀದಿಯ ಹೆಸರಿಗೂ ಹಡಗಿನ ಹೆಸರಿಗೂ ಸಂಬಂಧವಿರಲಿಲ್ಲ. ಬಡ ದೇಶವೊಂದರ ಎಂಬತ್ತೈದು ಕೋಟಿ ಡಾಲರ್‌ ಉಳಿಯಲು ಇಂತಹ ಕಾಕತಾಳೀಯ ಬೇಕಾಯಿತು.

ಮನಿಲಾದ ಖಾತೆಗಳನ್ನು 2015ರ ಮೇ ತಿಂಗಳಲ್ಲಿ ತಲಾ 500 ಡಾಲರ್‌ ಹಾಕಿ ತೆರೆಯಲಾಗಿತ್ತು. ಹಣ ಅಲ್ಲಿಂದ ಜೂಜಿನ ಕೇಂದ್ರಗಳಿಗೆ ಹರಿಯಿತು. ಢಾಕಾ ಕಳಿಸಿದ ‘ತಡೆಯಿರಿ’ ಎಂಬ ಸಂದೇಶಗಳೂ ಸ್ವಿಫ್ಟಿನಲ್ಲೇ ಹೋಗಿದ್ದವು. ರಜೆ ಮುಗಿದು ಬಾಗಿಲು ತೆರೆದ ಮಂಗಳವಾರ ಹಣ ಖಾಲಿಯಾಯಿತು. ಮಾರ್ಚ್‌ 15ರಂದು ಬಾಂಗ್ಲಾದೇಶ ಬ್ಯಾಂಕಿನ ಗವರ್ನರ್‌ ಅತಿಯುರ್‌ ರಹಮಾನ್‌ ರಾಜೀನಾಮೆ ಕೊಟ್ಟರು. ಅದೇ ವರ್ಷ ಸುಮಾರು ಒಂದೂವರೆ ಕೋಟಿ ಡಾಲರ್‌ ವಾಪಸು ಬಂತು. ಶಾಖೆಯ ವ್ಯವಸ್ಥಾಪಕಿಗೆ 2019ರಲ್ಲಿ ಫಿಲಿಪ್ಪೀನ್ಸ್‌ ನ್ಯಾಯಾಲಯ ಶಿಕ್ಷೆ ವಿಧಿಸಿತು. ಜಾಲದ ಯಂತ್ರಗಳಿಗೆ ಕನ್ನ ಬಿದ್ದಿಲ್ಲ, ಬಿದ್ದದ್ದು ಸದಸ್ಯ ಬ್ಯಾಂಕಿನ ಮನೆಗೆ ಎಂದು ಸ್ವಿಫ್ಟ್‌ ಹೇಳಿತು. ಮಾತು ಸರಿಯೇ. ಆದರೆ ಬೀಗ ಎಷ್ಟು ಗಟ್ಟಿಯಿದ್ದರೂ ಒಂದು ಮನೆಯ ಕೀಲಿ ಕಳುವಾದರೆ ಬೀದಿಯವರೆಲ್ಲ ಕಳ್ಳನನ್ನೇ ಮನೆಯ ಯಜಮಾನನೆಂದು ನಂಬುವ ವ್ಯವಸ್ಥೆ ಅದು. ಎರಡು ವರ್ಷಗಳ ಅನಂತರ ಮುಂಬೈಯ ಪಂಜಾಬ್‌ ನ್ಯಾಷನಲ್‌ ಬ್ಯಾಂಕ್‌ ಶಾಖೆಯೊಂದರ ಪ್ರಕರಣ ಬಯಲಾದಾಗ ಇದರ ಇನ್ನೊಂದು ಮುಖ ಕಂಡಿತು. ಅಲ್ಲಿ ಸ್ವಿಫ್ಟ್‌ ಸಂದೇಶಗಳು ಹೊರಗೆ ಹೋಗಿದ್ದವು, ಬ್ಯಾಂಕಿನ ಸ್ವಂತ ಲೆಕ್ಕದ ಪುಸ್ತಕದಲ್ಲಿ ಅವುಗಳ ನಮೂದೇ ಇರಲಿಲ್ಲ. ಎರಡನ್ನೂ ಜೋಡಿಸಬೇಕೆಂದು ರಿಸರ್ವ್‌ ಬ್ಯಾಂಕು 2018ರ ಏಪ್ರಿಲ್‌ 30ರ ಗಡುವು ವಿಧಿಸಿತು.

ಬಾಗಿಲು ಹಾಕಿದಾಗ

ಯಾರ ಅಂಗಳವೂ ಆಗಬಾರದೆಂದು ಬ್ರಸೆಲ್ಸ್‌ನಲ್ಲಿ ಹುಟ್ಟಿದ ಸಂಸ್ಥೆ ಬೆಳೆದು ಬೆಳೆದು ಇನ್ನೂರಕ್ಕೂ ಹೆಚ್ಚು ದೇಶ, ಪ್ರದೇಶಗಳ 11 ಸಾವಿರಕ್ಕೂ ಹೆಚ್ಚು ಸಂಸ್ಥೆಗಳನ್ನು ಜೋಡಿಸಿತು. ಎಲ್ಲರೂ ಒಂದೇ ಬೀದಿಯಲ್ಲಿ ಮನೆ ಮಾಡಿದ ಮೇಲೆ ಆ ಬೀದಿಯಿಂದ ಹೊರಹಾಕುವುದೇ ಒಂದು ಅಸ್ತ್ರವಾಯಿತು. ಸ್ವಿಫ್ಟ್‌ ಬೆಲ್ಜಿಯಂನ ಕಾನೂನಿಗೆ, ಆ ಮೂಲಕ ಯುರೋಪಿಯನ್‌ ಒಕ್ಕೂಟದ ಆಜ್ಞೆಗೆ ಒಳಪಟ್ಟದ್ದು. 2012ರ ಮಾರ್ಚ್‌ 17ರಂದು ಒಕ್ಕೂಟದ ನಿರ್ಬಂಧಕ್ಕೆ ಒಳಗಾಗಿದ್ದ ಇರಾನಿನ ಬ್ಯಾಂಕುಗಳ ಸಂಪರ್ಕವನ್ನು ಅದು ಕಡಿದುಹಾಕಿತು. ಬ್ಯಾಂಕು ಇದೆ, ಹಣವಿದೆ, ಗ್ರಾಹಕರಿದ್ದಾರೆ. ಆದರೆ ಯಾರಿಗೂ ಮಾತಾಡಿಸುವಂತಿಲ್ಲ.

ಇದರ ಬಿಸಿ ಭಾರತಕ್ಕೂ ತಟ್ಟಿತು. ಇರಾನಿನಿಂದ ತೈಲ ಬರುತ್ತಿತ್ತು, ಬೆಲೆ ಕೊಡುವ ದಾರಿ ಮುಚ್ಚಿತ್ತು. ಕಡೆಗೆ ಕೋಲ್ಕತ್ತದ ಯೂಕೊ ಬ್ಯಾಂಕಿನಲ್ಲಿ ಇರಾನಿನ ಲೆಕ್ಕಕ್ಕೆ ರೂಪಾಯಿಯಲ್ಲಿ ಹಣದ ಒಂದು ಪಾಲನ್ನು ಜಮೆ ಮಾಡುವ ಏರ್ಪಾಡಾಯಿತು. ಆ ರೂಪಾಯಿಗಳಿಂದ ಇರಾನ್‌ ಬಾಸ್ಮತಿ ಅಕ್ಕಿ, ಚಹಾ ಕೊಂಡಿತು. ದೇಶದ ಗಡಿ ದಾಟಬೇಕಾದ ಸಂದೇಶವೇ ಇಲ್ಲದ್ದರಿಂದ ಸಂಕೇತದ ಹಂಗೂ ಇರಲಿಲ್ಲ. ಒಂದರ್ಥದಲ್ಲಿ ವ್ಯಾಪಾರ ಸ್ವಿಫ್ಟಿಗಿಂತ ಹಿಂದಕ್ಕೆ, ಟೆಲೆಕ್ಸಿಗಿಂತಲೂ ಹಿಂದಕ್ಕೆ ಹೋಗಿತ್ತು. ಇರಾನಿನ ಬ್ಯಾಂಕುಗಳು 2016ರಲ್ಲಿ ಜಾಲಕ್ಕೆ ಮರಳಿದವು, 2018ರ ನವೆಂಬರಿನಲ್ಲಿ ಅಮೆರಿಕದ ನಿರ್ಬಂಧ ಮತ್ತೆ ಬಂದಾಗ ಹಲವು ಬ್ಯಾಂಕುಗಳು ಪುನಃ ಹೊರಬಿದ್ದವು.

ಇದನ್ನು ಕಂಡ ಇತರರು ತಮ್ಮದೇ ಬೀದಿ ಕಟ್ಟಲು ತೊಡಗಿದರು. ಕ್ರಿಮಿಯಾ ವಿವಾದ ಎದ್ದ 2014ರಲ್ಲಿ ರಷ್ಯಾ ತನ್ನದೇ ಸಂದೇಶ ಜಾಲ ಆರಂಭಿಸಿತು. 2015ರಲ್ಲಿ ಚೀನಾ ಯುವಾನ್‌ ಪಾವತಿಗೆ ಪ್ರತ್ಯೇಕ ವ್ಯವಸ್ಥೆ ತಂದಿತು.

2022ರ ಫೆಬ್ರುವರಿಯಲ್ಲಿ ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿತು. ಮಾರ್ಚ್‌ 2ರಂದು ಯುರೋಪಿಯನ್‌ ಒಕ್ಕೂಟ ರಷ್ಯಾದ ಏಳು ಬ್ಯಾಂಕುಗಳನ್ನು ಹೊರಹಾಕಲು ತೀರ್ಮಾನಿಸಿತು, 12ರಂದು ಅದು ಜಾರಿಗೆ ಬಂತು. ಆ ಏಳರ ಪಟ್ಟಿಯಲ್ಲಿ ಆ ದೇಶದ ಅತಿ ದೊಡ್ಡ ಬ್ಯಾಂಕಾದ ಸ್ಬೆರ್‌ಬ್ಯಾಂಕ್‌ ಇರಲಿಲ್ಲ. ಅದರ ಸರದಿ ಬಂದದ್ದು ಜೂನ್‌ನಲ್ಲಿ. ಗಾಜ್‌ಪ್ರೋಮ್‌ಬ್ಯಾಂಕಿನ ಸಂಪರ್ಕವನ್ನು ಆಗಲೂ ಮುಟ್ಟಲಿಲ್ಲ. ರಷ್ಯಾದಿಂದ ಕೊಳವೆಯಲ್ಲಿ ಬರುತ್ತಿದ್ದ ಅನಿಲದ ಬೆಲೆಯನ್ನು ಯುರೋಪು ಕಟ್ಟುತ್ತಿದ್ದುದು ಆ ಬ್ಯಾಂಕಿನ ಮೂಲಕ.